ದೀಪ ನೋಡದೆ ಸಹಿ ಹಾಕಬೇಡಿ

ಟೆಸ್ಟಿಂಗ್ ರೂಮಿನ ಗೋಡೆಗೆ ಅಂಟಿಸಲು ಒಂದು ಪುಟ ಬರೆದುಕೊಡಿ ಎಂದು ಚೈತ್ರಾ ಕೇಳಿ ಎರಡು ತಿಂಗಳಾಯಿತು. ನಾನು ಬಿಟ್ಟುಬಂದ ಕುರ್ಚಿಯಲ್ಲಿ ಈಗ ಕೂರುವ ಹುಡುಗಿ ಅವಳು. ಹೊಸದಾಗಿ ಸೇರುವವರಿಗೆ ಉಪಯೋಗವಾಗಲಿ ಎನ್ನುವುದು ಅವಳ ಆಸೆ. ಆದರೆ ಒಂದು ವಾಕ್ಯ ಬರೆದ ಕೂಡಲೇ, ಇದನ್ನು ಯಾರಾದರೂ ತಪ್ಪು ತಿಳಿದು ಕೈ ಸುಟ್ಟುಕೊಂಡರೆ ಎಂಬ ಯೋಚನೆ ನನಗೆ ಬರುತ್ತದೆ. ಅದಕ್ಕೆ ಸಮಾಧಾನವಾಗಿ ಇನ್ನೊಂದು ವಾಕ್ಯ ಬರೆಯುತ್ತೇನೆ. ಹೀಗಾಗಿ ಇದು ಗೋಡೆಯ ಅಳತೆ ಮೀರಿದೆ. ಓದುವವರು ಕೂತು ಓದಲಿ.

ನಮ್ಮದು ವೈರ್‌ಲೆಸ್ ಸೆಟ್ಟುಗಳಿಗೆ ಆಂಟೆನಾ ಮಾಡುವ ಸಣ್ಣ ಕಾರ್ಖಾನೆ. ನಾನು ಡಿಪ್ಲೊಮಾ ಮುಗಿಸಿ ಸೇರಿದಾಗ ಅದು ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದಲ್ಲಿತ್ತು. ಒಂದು ಮಗ್ಗುಲಲ್ಲಿ ಊದುಬತ್ತಿ ಪ್ಯಾಕಿಂಗ್, ಇನ್ನೊಂದು ಮಗ್ಗುಲಲ್ಲಿ ಲೇತು. ಸಂಜೆ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿಗೆ ನಾನು ದೇವಸ್ಥಾನದಿಂದ ಬಂದವಳೋ ಗ್ಯಾರೇಜಿನಿಂದ ಬಂದವಳೋ ಎಂದು ಗೊತ್ತಾಗುತ್ತಿರಲಿಲ್ಲ. ಆಮೇಲೆ ನಮ್ಮ ಮಾಲೀಕರಾದ ನಂಜೇಗೌಡರು ನಾಯಂಡಹಳ್ಳಿಯಲ್ಲಿ ತಮ್ಮ ತಾತ ಸೊಪ್ಪು ಬೆಳೆಯುತ್ತಿದ್ದ ಜಾಗದಲ್ಲೇ ಶೆಡ್ಡು ಕಟ್ಟಿಸಿ ಎಲ್ಲರನ್ನೂ ಅಲ್ಲಿಗೆ ಕರೆದೊಯ್ದರು. ಮೂವತ್ತನಾಲ್ಕು ವರ್ಷದಲ್ಲಿ ನನ್ನ ಹುದ್ದೆಯ ಹೆಸರು ನಾಲ್ಕು ಸಲ ಬದಲಾಯಿತಂತೆ. ಸ್ಟೂಲು ಒಂದೇ ಇತ್ತು.

ನನ್ನ ಕೆಲಸ ಕೊನೆಯದು. ಎಲ್ಲರೂ ಮಾಡಿ ಮುಗಿಸಿದ ಮೇಲೆ, ಆಂಟೆನಾ ನಿಜವಾಗಿಯೂ ಮಾತಾಡುತ್ತದೆಯೇ ಎಂದು ನೋಡಿ ಸಹಿ ಹಾಕುವುದು. ಪ್ರತಿಯೊಂದಕ್ಕೂ ಒಂದು ರಟ್ಟಿನ ಚೀಟಿ ಕಟ್ಟಿರುತ್ತಿದ್ದರು. ಅದರ ಕೊನೆಯ ಸಾಲು ‘ದೀಪ ನೋಡಿದೆ’. ಅದರ ಮುಂದೆ ನನ್ನ ಸಹಿ ಬಿದ್ದರೆ, ಇದನ್ನು ಹಾಕಿಕೊಂಡವರು ಕೂಗಿದರೆ ಆ ತುದಿಯಲ್ಲಿ ಕೇಳಿಸುತ್ತದೆ ಎಂದು ಅರ್ಥ. ಸಂಸ್ಥೆ ಕೊಡುವ ಗ್ಯಾರಂಟಿ ಕಾಗದ ಬೇರೆ ಇತ್ತು. ಅದನ್ನು ಯಾರೂ ಓದುತ್ತಿರಲಿಲ್ಲ.

ದೀಪ ಎಂದರೆ ಬೇರೇನಲ್ಲ. ಮನೆಯಲ್ಲಿ ಪ್ಲಗ್ಗಿನಲ್ಲಿ ಕರೆಂಟಿದೆಯೇ ನೋಡಲು ಇಟ್ಟುಕೊಳ್ಳುತ್ತೇವಲ್ಲ, ಆ ಟೆಸ್ಟರಿನೊಳಗಿನ ಪುಟ್ಟ ಕಿತ್ತಳೆ ಬಲ್ಬು. ಅದನ್ನು ಬಿಚ್ಚಿ ಉದ್ದನೆಯ ಬಿದಿರುಕೋಲಿನ ತುದಿಗೆ ಕಟ್ಟುತ್ತಿದ್ದೆವು. ಸೆಟ್ಟಿನ ಗುಂಡಿ ಒತ್ತಿದಾಗ ಆಂಟೆನಾದಿಂದ ಹೊರಡುವ ಶಕ್ತಿ ಕಣ್ಣಿಗೆ ಕಾಣುವುದಿಲ್ಲ. ಆದರೆ ಈ ಬಲ್ಬನ್ನು ಅದರ ತುದಿಗೆ ತಾಗಿಸಿದರೆ, ಬ್ಯಾಟರಿ ಇಲ್ಲದೆ ವೈರಿಲ್ಲದೆ ಬಲ್ಬು ಹತ್ತುತ್ತದೆ. ಗಾಳಿಗೆ ಹೋಗಬೇಕಾದದ್ದರಲ್ಲಿ ಒಂದು ಚಿಟಿಕೆ ತೆಗೆದುಕೊಂಡು ಉರಿಯುತ್ತದೆ. ಮೂವತ್ತನಾಲ್ಕು ವರ್ಷ ನೋಡಿದರೂ ಪ್ರತಿ ಸಲವೂ ನನಗೆ ಹಿತವಾಗುತ್ತಿತ್ತು.

ಕಲಿಸಿದವರು ಮರಿಯಪ್ಪನವರು. ರಾಜಾಜಿನಗರದವರೇ, ಒಂದು ದೊಡ್ಡ ಕಾರ್ಖಾನೆಯಲ್ಲಿ ಅಪ್ಪನ ಜೊತೆ ಫಿಟ್ಟರಾಗಿ ಶುರು ಮಾಡಿ ರೇಡಿಯೋ ಕಡೆಗೆ ಬಂದವರು. ಅವರಿಗೆ ಪುಸ್ತಕದ ವಿದ್ಯೆ ಕಡಿಮೆ, ಆದರೆ ಅವರ ಕೈಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಮೊದಲನೇ ದಿನ ಆಂಟೆನಾ ಮುಟ್ಟಬೇಡ ಎಂದು ಮೂರು ಸಲ ಹೇಳಿದರು. ಮೂರು ಸಲ ಹೇಳಿದ್ದರಿಂದಲೇ ಏನಿರಬಹುದು ಎನಿಸಿ ಮುಟ್ಟಿದೆ. ಅದು ಶಾಕ್ ಹೊಡೆಯುವುದಿಲ್ಲ, ಸುಡುತ್ತದೆ. ಬೆರಳಿನಲ್ಲಿ ಸಾಸಿವೆಯಷ್ಟು ಬಿಳಿ ಚುಕ್ಕೆ. ಆ ಕ್ಷಣಕ್ಕಿಂತ ಒಂದು ಗಂಟೆಯ ನಂತರ ನೋವು ಜಾಸ್ತಿ. ಅವರು ಬೈಯಲಿಲ್ಲ. “ಆಂಟೆನಾ ನಿನ್ನ ಮಾತಾಡಿಸ್ತೇನಮ್ಮಾ? ಒಳ್ಳೇದಾಯ್ತು ಬಿಡು, ನಾನು ನಾಲ್ಕನೇ ಸಲ ಹೇಳೋದು ತಪ್ತು,” ಎಂದರು.

ನಮ್ಮಲ್ಲಿ ಆಯುಧ ಪೂಜೆಗೆ ಒಂದು ಪದ್ಧತಿ ಇತ್ತು, ಬೇರೆ ಯಾವ ಶೆಡ್ಡಿನಲ್ಲೂ ನಾನು ಕಂಡಿಲ್ಲ. ಎಲ್ಲ ಕಡೆ ಯಂತ್ರಕ್ಕೆ ಕುಂಕುಮ ಹಚ್ಚಿ ಬೂದುಗುಂಬಳಕಾಯಿ ಒಡೆಯುತ್ತಾರೆ. ನಾವು ಅದನ್ನೂ ಮಾಡುತ್ತಿದ್ದೆವು. ಮಂಗಳಾರತಿ ಆದ ಮೇಲೆ ಮರಿಯಪ್ಪನವರು ಕೆಟ್ಟುಹೋದ ಒಂದು ಟ್ಯೂಬ್‌ಲೈಟನ್ನು, ಎರಡೂ ತುದಿ ಕಪ್ಪಾಗಿ ಕಸಕ್ಕೆ ಹೋಗಬೇಕಾದ್ದನ್ನು, ಬರಿಗೈಯಲ್ಲಿ ಹಿಡಿದು ಇರುವುದರಲ್ಲಿ ದೊಡ್ಡ ಆಂಟೆನಾದ ಬಳಿ ತರುತ್ತಿದ್ದರು. ಕಿಟಕಿ ಮುಚ್ಚಿ, ಗೌಡರು ಗುಂಡಿ ಒತ್ತಿದರೆ, ಆ ಸತ್ತ ಟ್ಯೂಬು ಅವರ ಕೈಯಲ್ಲಿ ಬೆಳ್ಳಗೆ ಹತ್ತುತ್ತಿತ್ತು. ಪಕ್ಕದ ಊದುಬತ್ತಿ ಶೆಡ್ಡಿನ ಹೆಂಗಸರೆಲ್ಲ ಅದನ್ನು ನೋಡಲೆಂದೇ ಬಂದು ಆಮೇಲೆ ಪುರಿ ತಿನ್ನುತ್ತಿದ್ದರು. ಮರಿಯಪ್ಪನವರ ನಂತರ ಆ ಟ್ಯೂಬು ಹಿಡಿಯುವ ಸರದಿ ನನ್ನದಾಯಿತು. ಕೈ ನಡುಗುತ್ತಿದ್ದುದರಿಂದ ನನ್ನ ಟ್ಯೂಬು ಮಿಣುಕುತ್ತಿತ್ತು, ಅದೇ ಚೆನ್ನಾಗಿದೆ ಎಂದರು ಜನ.

ಇನ್ನು ನನ್ನ ದೊಡ್ಡ ತಪ್ಪು. ಇದನ್ನು ಬಿಟ್ಟುಬಿಡಬಹುದಿತ್ತು. ಆದರೆ ಇದನ್ನು ಹೇಳದಿದ್ದರೆ ಮುಂದಿನದಕ್ಕೆ ಅರ್ಥವಿಲ್ಲ.

ಸೇರಿ ಮೂರನೇ ವರ್ಷ. ವಿಜಯನಗರದಲ್ಲಿ ಒಂದು ನರ್ಸಿಂಗ್ ಹೋಮಿಗೆ, ಅವರ ಆಂಬುಲೆನ್ಸಿನ ಜೊತೆ ಮಾತಾಡುವುದಕ್ಕೆ ತಾರಸಿಯ ಮೇಲೆ ಆಂಟೆನಾ ಹಾಕಬೇಕಿತ್ತು. ಆಗ ಮೊಬೈಲು ಇರಲಿಲ್ಲ. ಕೇಬಲ್ಲನ್ನು ಆಂಟೆನಾಗೆ ಬೆಸುಗೆ ಹಾಕಿದವಳು ನಾನೇ. ಮರಿಯಪ್ಪನವರು ಯಾವುದೋ ಮದುವೆಗೆ ಹೋಗಿದ್ದರು. ಫಿಟ್ಟರು ಬಂದು ಕಬ್ಬಿಣದ ಪೈಪಿನ ತುದಿಗೆ ಆಂಟೆನಾ ಬಿಗಿದು ನೀರಿನ ಟ್ಯಾಂಕಿನ ಮೇಲೆ ನಿಲ್ಲಿಸಿ ಹೋದ. ದೀಪ ನೋಡಬೇಕಾದರೆ ನಾನು ಟ್ಯಾಂಕಿನ ಏಣಿ ಹತ್ತಿ ಅಲ್ಲಿಂದ ಕೋಲು ಎತ್ತಬೇಕು. ನನಗೆ ಎತ್ತರ ಕಂಡರೆ ಭಯ, ಜೊತೆಗೆ ಉಟ್ಟಿದ್ದು ಹೊಸ ಸೀರೆ. ಕೆಳಗೆ ನಿಂತೇ ಪೈಪಿನ ಪಕ್ಕ ಇಳಿದಿದ್ದ ಕೇಬಲ್ಲಿಗೆ ಬಲ್ಬು ಹಿಡಿದೆ. ಗುಂಡಿ ಒತ್ತಿಸಿದ ಕೂಡಲೇ ದೀಪಾವಳಿಯ ಹಾಗೆ ಹತ್ತಿತು. ಅಷ್ಟು ಪ್ರಕಾಶವಾಗಿ ಅದುವರೆಗೆ ನಾನು ನೋಡಿರಲೇ ಇಲ್ಲ. ಬುಡದಲ್ಲೇ ಇಷ್ಟಿದ್ದರೆ ತುದಿಯಲ್ಲಿ ಇನ್ನೆಷ್ಟಿರಬೇಡ ಎಂದು ಲೆಕ್ಕ ಹಾಕಿ, ಚೀಟಿಯಲ್ಲಿ ‘ಅತ್ಯುತ್ತಮ’ ಎಂಬ ಪದವನ್ನು ನಾನಾಗಿಯೇ ಸೇರಿಸಿ ಸಹಿ ಹಾಕಿದೆ.

ಹದಿನೈದು ದಿನಕ್ಕೆ ಆಂಬುಲೆನ್ಸಿನ ಚಾಲಕ ಬಸವರಾಜು ಶೆಡ್ಡಿಗೆ ಬಂದ. ಮೈಸೂರು ರಸ್ತೆಯಲ್ಲಿ ಕೆಂಗೇರಿಯಿಂದಾಚೆ ಬಸುರಿಯೊಬ್ಬರನ್ನು ಕರೆದು ತರುತ್ತಿದ್ದನಂತೆ. ಡಾಕ್ಟರನ್ನು ಸಿದ್ಧವಾಗಿಡಿ, ಏನು ಮಾಡಬೇಕು ಹೇಳಿ ಎಂದು ದಾರಿಯುದ್ದಕ್ಕೂ ಕೇಳಿದ್ದಾನೆ. ಉತ್ತರವಿಲ್ಲ. ಕೊನೆಗೆ ರಸ್ತೆ ಬದಿಯಲ್ಲಿ, ಬಸ್ಸಿಗೆ ಕಾಯುತ್ತಿದ್ದ ಇಬ್ಬರು ಹೆಂಗಸರು ಗಾಡಿ ಹತ್ತಿ ಹೆರಿಗೆ ಮಾಡಿಸಿದರು. ತಾಯಿ ಮಗು ಚೆನ್ನಾಗಿದ್ದರು, ಅದು ಅವರ ಪುಣ್ಯ. ಅವನು ಜಗಳಕ್ಕೆ ಬಂದಿರಲಿಲ್ಲ. ಚೀಟಿಯನ್ನು ನನ್ನ ಮೇಜಿನ ಮೇಲಿಟ್ಟ.

“ನಾನು ಕೂಗ್ತಾನೇ ಇದ್ದೆ ಮೇಡಂ. ದೀಪ ಹತ್ತಿತ್ತು ಅಂತ ಇದ್ರಲ್ಲಿ ಬರ್ದಿದೀರಲ್ಲ, ಅದಕ್ಕೇ ಕೂಗ್ತಾ ಇದ್ದೆ.”

ಬೈದಿದ್ದರೆ ಮರೆಯುತ್ತಿದ್ದೆನೇನೋ.

ಮರುದಿನ ಮರಿಯಪ್ಪನವರು ನನ್ನನ್ನು ಅದೇ ಟ್ಯಾಂಕಿನ ಮೇಲೆ ಹತ್ತಿಸಿದರು. ನಾನು ಅಳುತ್ತಲೇ ಹತ್ತಿದೆ, ಭಯಕ್ಕೋ ಅವಮಾನಕ್ಕೋ ಹೇಳಲಾರೆ. ನನ್ನ ಬೆಸುಗೆ ಬಿಟ್ಟುಕೊಂಡಿತ್ತು. ಕೇಬಲ್ಲಿನ ಹೊರಗಿನ ತಾಮ್ರದ ಜಾಲರಿ ಆಂಟೆನಾಗೆ ಸೇರಿರಲೇ ಇಲ್ಲ. ಶಕ್ತಿ ಮೇಲೆ ದಾರಿ ಸಿಗದೆ ಕೇಬಲ್ಲಿನ ಮೈಮೇಲೇ ಹಿಂದಕ್ಕೆ ಹರಿದು ಪೈಪಿನಲ್ಲಿ ಓಡಾಡುತ್ತಿತ್ತು. “ದೀಪ ಸುಳ್ಳು ಹೇಳ್ಲಿಲ್ಲಮ್ಮ,” ಎಂದರು ಮರಿಯಪ್ಪನವರು, “ಹತ್ತಬಾರದ ಕಡೆ ಹತ್ತಿತ್ತು. ಊರಿಗೆ ಹೋಗ್ಬೇಕಾದ್ದು ನಿನ್ನ ಸುತ್ತಾನೇ ತಿರುಗ್ತಾ ಇತ್ತು. ನಿಂಗೆ ಖುಷಿಯಾಯ್ತು.”

ಗೌಡರು ಇದು ಯಾರ ಸಹಿ ಎಂದು ಕೇಳಿದಾಗ ಮರಿಯಪ್ಪನವರು, ನಾನು ಕಲಿಸಿದ್ದರಲ್ಲಿ ಒಂದು ಮಾತು ಬಿಟ್ಟುಹೋಗಿತ್ತು ಎಂದು ಹೇಳಿ ಮುಗಿಸಿದರು. ಆಮೇಲೆ ಒಂದು ವಾರ ನನ್ನೊಡನೆ ಮಾತಾಡಲಿಲ್ಲ. ಮುಂದಿನ ಸಲ ಚೀಟಿ ಅಚ್ಚು ಹಾಕಿಸುವಾಗ ಆ ಬಿಟ್ಟುಹೋದ ಮಾತನ್ನು ಸೇರಿಸಿದರು: ‘ತುದಿಯಲ್ಲಿ ದೀಪ ನೋಡಿದೆ’.

ಅಂದಿನಿಂದ ನಾನು ಚಿಂತೆಯ ಗಿರಾಕಿಯಾದೆ. ಸಹಿ ಹಾಕಿದ ಆಂಟೆನಾವನ್ನು ಲಾರಿಯಿಂದ ಇಳಿಸಿ ಇನ್ನೊಮ್ಮೆ ನೋಡಿದ್ದಿದೆ. ಮನೆಯಲ್ಲೂ ಅದೇ. ಬಸ್‌ಸ್ಟಾಪಿನಿಂದ ವಾಪಸ್ ಹೋಗಿ ಬೀಗ ಎಳೆದು ನೋಡುತ್ತಿದ್ದೆ. “ಬೀಗದ ಮೇಲೂ ಒಂದು ಸಹಿ ಹಾಕ್ಬಿಡು ಕಣೇ, ನಿಶ್ಚಿಂತೆಯಾಗಿ ಹೋಗ್ಬೋದು,” ಎನ್ನುತ್ತಿದ್ದರು ನಮ್ಮ ಯಜಮಾನರು. ನಾನು ಅದನ್ನೂ ಒಂದು ಕ್ಷಣ ಯೋಚಿಸಿದ್ದೆ.

ಕಾಲ ಬದಲಾಯಿತು. ಮರಿಯಪ್ಪನವರು ನಿವೃತ್ತರಾದರು. ಮೀಟರು ಬಂತು. ಮೀಟರಿನ ಕೆಲಸ ಏನೆಂದರೆ, ಆಂಟೆನಾ ಕಡೆಗೆ ಕಳಿಸಿದ ಶಕ್ತಿಯಲ್ಲಿ ಎಷ್ಟು ವಾಪಸ್ ಬರುತ್ತಿದೆ ಎಂದು ತೋರಿಸುವುದು. ವಾಪಸ್ ಏನೂ ಬರದಿದ್ದರೆ ಎಲ್ಲ ಹೊರಗೆ ಹೋಯಿತು ಎಂದು ತಿಳಿಯುವುದು. ನಾನು ಮೀಟರಿನ ವಿರೋಧಿಯಲ್ಲ, ಕಾರ್ಖಾನೆಯಲ್ಲಿ ಅದನ್ನು ಮೊದಲು ಕಲಿತವಳೂ ನಾನೇ. ಟಿಫನ್ ಡಬ್ಬಿಯಷ್ಟು ಗಾತ್ರದ, ಬಣ್ಣದ ಪರದೆಯ ಯಂತ್ರಗಳು ಬಂದ ಮೇಲಂತೂ ಅರ್ಧ ದಿನದ ಕೆಲಸ ಐದು ನಿಮಿಷಕ್ಕೆ ಇಳಿಯಿತು. ಬಿದಿರುಕೋಲಿಗೆ ಹುಡುಗರು ಅಜ್ಜಿಕೋಲು ಎಂದು ಹೆಸರಿಟ್ಟರು. ದೊಡ್ಡ ಗಿರಾಕಿಗಳು ಬಂದರೆ ಗೌಡರು ಅದನ್ನು ಬೀರುವಿನ ಹಿಂದೆ ಇಡಿಸುತ್ತಿದ್ದರು. ಗಿರಾಕಿ ಹೋದ ಮೇಲೆ ನಾನು ಈಚೆಗೆ ತೆಗೆಯುತ್ತಿದ್ದೆ. ಇಬ್ಬರೂ ಆ ಬಗ್ಗೆ ಮಾತಾಡುತ್ತಿರಲಿಲ್ಲ.

ಈಗ ಕೊನೆಯ ಕೆಲಸಕ್ಕೆ ಬರುತ್ತೇನೆ.

ನಮ್ಮ ಶೆಡ್ಡಿನಿಂದ ಹತ್ತು ನಿಮಿಷ ನಡೆದರೆ, ಗೋಡೌನುಗಳ ಹಿಂದೆ, ರಾಜಕಾಲುವೆಗೆ ಬೆನ್ನು ಮಾಡಿಕೊಂಡು ಒಂದು ಓಣಿಯಿದೆ. ಮೇಲೆ ರಾಜಾಜಿನಗರ, ವಿಜಯನಗರದ ಕಡೆ ಜೋರಾಗಿ ಸುರಿದರೆ ಸ್ವಲ್ಪ ಹೊತ್ತಿಗೆ ನೀರು ಇಲ್ಲಿಗೆ ಬರುತ್ತದೆ. ಇಲ್ಲಿ ಬಿಸಿಲಿದ್ದರೂ ಬರುತ್ತದೆ. ಬಡಾವಣೆಗಳ ನಿವಾಸಿಗಳ ಸಂಘದವರು ಸೇರಿ ಒಂದು ವ್ಯವಸ್ಥೆ ಮಾಡಿದರು. ಕಾಲುವೆಯ ಮೇಲ್ಭಾಗದಲ್ಲಿ ನಾಲ್ಕು ಕಡೆ ಕಂಬ. ಪ್ರತಿ ಕಂಬದಲ್ಲಿ ನೀರಿನ ಮಟ್ಟ ನೋಡುವ ಸಾಧನ, ಚಿಕ್ಕ ವೈರ್‌ಲೆಸ್ ಸೆಟ್ಟು, ತಲೆಯ ಮೇಲೆ ನಮ್ಮ ಆಂಟೆನಾ. ನೀರು ಕೆಂಪು ಗೆರೆ ದಾಟಿದರೆ ಕಂಬ ಕೂಗುತ್ತದೆ, ರಾಜರಾಜೇಶ್ವರಿನಗರದಲ್ಲಿ ಒಂದು ಶಾಲೆಯ ತಾರಸಿಯ ಮೇಲಿನ ಸೆಟ್ಟು ಅದನ್ನು ಕೇಳಿಸಿಕೊಂಡು ಓಣಿಯ ಸೈರನ್ ಊದಿಸುತ್ತದೆ. ಓಣಿಗೆ ಅರ್ಧ ಗಂಟೆ ಸಿಗುತ್ತದೆ.

ಸೈರನ್ ಹಾಕುವ ದಿನ ನಾನು ಓಣಿಗೆ ಹೋಗಿದ್ದೆ. ಒಬ್ಬ ಹೆಂಗಸು ಪಾತ್ರೆ ತೊಳೆಯುತ್ತಲೇ ಹೇಳಿದಳು, ಹಿಂದಿನ ಸಲ ನೀರು ನುಗ್ಗಿದಾಗ ನಡೆಯಲಾಗದ ಅತ್ತೆ ಮಂಚದ ಮೇಲೇ ಇದ್ದರು, ಎತ್ತಿಕೊಂಡು ಹೋಗಲು ಸಮಯವಿರಲಿಲ್ಲ, ಮಂಚದ ಮೇಲೆ ಮಂಚ ಇಟ್ಟು ಉಳಿಸಿಕೊಂಡೆವು ಎಂದು. “ಅರ್ಧ ಗಂಟೆ ಸಾಕು ನಮಗೆ. ಇದು ಖಂಡಿತ ಕೂಗುತ್ತಾ ಮೇಡಂ?” ಕೂಗುತ್ತದೆ ಎಂದು ಹೇಳಿಬಿಟ್ಟೆ. ಹೇಳಿದ ಮೇಲೆ ರಾತ್ರಿಯ ನಿದ್ದೆ ಹಾರಿಹೋಯಿತು.

ನಾಲ್ಕನೇ ಕಂಬ ಎಲ್ಲಕ್ಕಿಂತ ಮೇಲಿನದು, ಆ ಅರ್ಧ ಗಂಟೆ ಸಿಗುವುದು ಅದರಿಂದಲೇ. ಆದ್ದರಿಂದ ಅದರ ಆಂಟೆನಾವನ್ನು ಎಲ್ಲ ಸರಿಯಿದ್ದರೂ ಇನ್ನೂ ಎರಡು ದಿನ ನನ್ನ ಮೇಜಿನ ಮೇಲೆ ಇಟ್ಟುಕೊಂಡು ಮತ್ತೆ ಮತ್ತೆ ನೋಡಿದೆ. ಕಂಬ ಎದ್ದಿತ್ತು, ಕೇಬಲ್ಲು ಎಳೆದಾಗಿತ್ತು, ಆಂಟೆನಾ ಮಾತ್ರ ಇರಲಿಲ್ಲ. ಹಾಗಾಗಿ ಅದನ್ನು ಬಿಗಿದದ್ದು ಉದ್ಘಾಟನೆಯ ಬೆಳಗ್ಗೆಯೇ.

ಆ ದಿನ ನಾಲ್ಕನೇ ಕಂಬದ ಪಕ್ಕದ ಪಾರ್ಕಿನಲ್ಲಿ ಶಾಮಿಯಾನ ಹಾಕಿದ್ದರು. ಸಂಘದ ಕಾರ್ಯದರ್ಶಿ ಪುಟ್ಟಸ್ವಾಮಿಯವರು ಅತಿಥಿಗಳನ್ನು ಕೂರಿಸಿದ್ದರು. ಅದು ನನ್ನ ಕೊನೆಯ ವಾರವೂ ಆದ್ದರಿಂದ, ಅಲ್ಲೇ ನನಗೂ ಒಂದು ಶಾಲು, ಹಣ್ಣಿನ ಬುಟ್ಟಿ ಎಂದು ಗೌಡರು ಏರ್ಪಾಡು ಮಾಡಿದ್ದರು. ಚೈತ್ರಾ ಕಂಬದ ಪೆಟ್ಟಿಗೆ ತೆಗೆದು ತನ್ನ ಯಂತ್ರ ಜೋಡಿಸಿದಳು. ಪರದೆಯಲ್ಲಿ ಗೆರೆ ಎಷ್ಟು ಚೆನ್ನಾಗಿ ಇಳಿದಿತ್ತೆಂದರೆ, ಬೇರೆ ಮೂರು ಕಂಬಗಳಲ್ಲೂ ಅಷ್ಟಿರಲಿಲ್ಲ. ವಾಪಸ್ ಬರುವುದು ಸೊನ್ನೆಗೆ ಹತ್ತಿರ. ಶಾಲೆಗೆ ಫೋನು ಮಾಡಿದರೆ, ನಾಲ್ಕನೇ ಕಂಬದ್ದು ಬಂದಿದೆ ಎಂದರು. ಚೀಟಿಯನ್ನು ನನ್ನ ಮುಂದೆ ಹಿಡಿದಳು.

ಅಷ್ಟು ಚೆನ್ನಾಗಿದ್ದದ್ದೇ ನನಗೆ ಹಿಡಿಸಲಿಲ್ಲ. ನಾನೇ ಮಾಡಿಸಿದ ಆಂಟೆನಾ, ಮೇಜಿನ ಮೇಲೆ ಅಷ್ಟು ಒಳ್ಳೆಯದಾಗಿರಲಿಲ್ಲ. ಕಂಬಕ್ಕೆ ಏರಿದ ಕೂಡಲೇ ಅದಕ್ಕೆ ಇಷ್ಟು ಬುದ್ಧಿ ಎಲ್ಲಿಂದ ಬಂತು?

ಕೋಲು ತಂದಿದ್ದೆ. ಬಲ್ಬು ತುದಿಗೆ ತಾಗಿಸಿದೆ. ಹತ್ತಲಿಲ್ಲ.

ಬಿಸಿಲಿಗೆ ಕಾಣುತ್ತಿಲ್ಲ ಎಂದರು ಎಲ್ಲರೂ. ಹನ್ನೊಂದು ಗಂಟೆಯ ಬಿಸಿಲು, ಅವರು ಹೇಳಿದ್ದು ನ್ಯಾಯವೇ. ಹಾಗಾದರೆ ಏಣಿ ಹಾಕಿ ಎಂದೆ. ಐವತ್ತೈದು ವರ್ಷ, ಮಂಡಿ ನೋವು, ಎತ್ತರದ ಭಯ ಹಾಗೇ ಇದೆ. ಫಿಟ್ಟರು ಕೆಳಗೆ ಏಣಿ ಹಿಡಿದುಕೊಂಡ. ಮೇಲೆ ಹೋಗಿ, ಶಾಮಿಯಾನದವರಿಂದ ತಂದ ಕಪ್ಪು ಬಟ್ಟೆಯನ್ನು ತಲೆಯ ಮೇಲೆ, ಆಂಟೆನಾ ತುದಿಯ ಮೇಲೆ ಒಟ್ಟಿಗೆ ಹೊದ್ದುಕೊಂಡು, ಕೈ ತಾಗದಂತೆ ಬಲ್ಬನ್ನು ಕೋಲಿನ ತುಂಡಿನಲ್ಲಿ ಹಿಡಿದೆ. ಕೆಳಗೆ ಜನ ನಗುವುದು ಕೇಳಿಸಿತು. ಮುಂದಿನ ಸಾಲಿನಲ್ಲಿ ಯಾರೋ, ಆಂಟಿ ಹಳೇ ಕಾಲದ ಫೋಟೋ ತೆಗಿತಾ ಇದಾರೆ, ಎಲ್ಲರೂ ಅಲ್ಲಾಡದೆ ಕೂತ್ಕೊಳ್ಳಿ ಎಂದರು. ಚೈತ್ರಾ ಗುಂಡಿ ಒತ್ತಿದಳು. ಬಟ್ಟೆಯೊಳಗೆ ಕತ್ತಲೆ ಕತ್ತಲೆಯಾಗಿಯೇ ಇತ್ತು.

ಇಳಿದು ಬಂದು ಸಹಿ ಹಾಕುವುದಿಲ್ಲ ಎಂದೆ.

ಪುಟ್ಟಸ್ವಾಮಿಯವರು ಗಡಿಯಾರ ನೋಡಿಕೊಂಡರು. ಸಿಗ್ನಲ್ ಬಂದಿದೆಯಲ್ಲ, ಮೀಟರೂ ಸರಿಯಿದೆಯಲ್ಲ ಎಂದು ಅವರ ವಾದ. ಇವತ್ತು ಒಣಗಿದ ದಿನ, ಹೇಗೋ ತೆವಳಿಕೊಂಡು ಶಾಲೆ ಮುಟ್ಟಿದೆ, ಮರಗಿಡ ನೆನೆದು ಮಳೆ ಸುರಿಯುವ ದಿನ ಮುಟ್ಟುತ್ತದೆ ಎಂದು ನಾನು ಹೇಗೆ ಬರೆದುಕೊಡಲಿ ಎಂದೆ. ಗೌಡರು ನನ್ನನ್ನು ಪಕ್ಕಕ್ಕೆ ಕರೆದರು.

“ಶಾರದಮ್ಮ, ನಿಮ್ಮ ಸನ್ಮಾನಾನೂ ಇದೆ ಇವತ್ತು. ಸಹಿ ಹಾಕಿ, ನಾಳೆ ಬಂದು ಏನಿದೆಯೋ ನೋಡೋಣ. ಯಾರು ಬೇಡ ಅಂತಾರೆ?”

“ಗೌಡ್ರೇ, ನಾಳೆ ನೋಡೋದಿದ್ರೆ ಸಹೀನೂ ನಾಳೇನೇ ಹಾಕ್ತೀನಿ.”

ಅಷ್ಟು ವರ್ಷದಲ್ಲಿ ಅವರಿಗೆ ನಾನು ಎದುರಾಡಿದ್ದು ಅದೊಂದೇ ಸಲ. ಅವರು ನನ್ನ ಮುಖ ನೋಡಿದರು, ಕಂಬದ ಕಡೆ ನೋಡಿದರು. ಆಮೇಲೆ ಶಾಮಿಯಾನಕ್ಕೆ ಹೋಗಿ, ಮೊದಲು ಎಲ್ಲರೂ ತಿಂಡಿ ತಿನ್ನಿ ಎಂದು ಹೇಳಿಬಿಟ್ಟರು. ಇಡ್ಲಿ ವಡೆ ನಮಗೆ ಮುಕ್ಕಾಲು ಗಂಟೆ ಕೊಟ್ಟವು.

ಚೈತ್ರಾಳ ಮುಖ ಸಣ್ಣಗಾಗಿತ್ತು. ನಿನ್ನ ಯಂತ್ರ ಸುಳ್ಳು ಹೇಳಿಲ್ಲ ಕಣಮ್ಮ, ಕೇಬಲ್ಲು ಬದಲಾಯಿಸಿ ನೋಡೋಣ ಎಂದೆ. ವ್ಯಾನಿನಲ್ಲಿದ್ದ ಹೊಸ ಕೇಬಲ್ಲನ್ನು ಕಂಬದ ಹೊರಗಿಂದಲೇ ಎಳೆದು ಜೋಡಿಸಿದೆವು. ಈ ಸಲ ಅವಳೇ ಏಣಿ ಹತ್ತಿ ಕಪ್ಪು ಬಟ್ಟೆ ಹೊದ್ದಳು. ನಾನು ಕೆಳಗೆ ಗುಂಡಿ ಒತ್ತಿದೆ. “ಮೇಡಂ, ಹತ್ತಿದೆ,” ಎಂದಳು ಬಟ್ಟೆಯೊಳಗಿನಿಂದ. ಬಲ್ಬು ಹತ್ತಿದ್ದನ್ನು ಅವಳು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

ಹಳೆಯ ಕೇಬಲ್ಲನ್ನು ಕಂಬದಿಂದ ಹೊರಗೆಳೆದು ಕೆಳತುದಿಯನ್ನು ಕತ್ತರಿಸಿದಾಗ ಅದರೊಳಗಿಂದ ಕಂದು ನೀರು ತೊಟ್ಟಿಕ್ಕಿ ಚೈತ್ರಾಳ ಶೂ ಮೇಲೆ ಬಿತ್ತು. ಅವಳು ಅಲ್ಲೇ ಕುಕ್ಕರಗಾಲಲ್ಲಿ ಕೂತು ಯೋಚಿಸಿ, ನಾನು ಹೇಳುವ ಮೊದಲೇ ಬಿಡಿಸಿದಳು. ನೆನೆದ ಕೇಬಲ್ಲು ಹೋಗುವಾಗಲೂ ಶಕ್ತಿಯನ್ನು ತಿನ್ನುತ್ತದೆ, ಅಲ್ಪಸ್ವಲ್ಪ ವಾಪಸ್ ಬಂದರೆ ಅದನ್ನೂ ತಿನ್ನುತ್ತದೆ. ಮೀಟರಿಗೆ ವಾಪಸ್ ಬಂದದ್ದು ಕಾಣಲಿಲ್ಲ, ಅದು ಶಭಾಷ್ ಎಂದಿತು.

“ಹೋದವರು ವಾಪಸ್ ಬರ್ಲಿಲ್ಲ ಅಂದ್ರೆ ಸೇರಿದ್ರು ಅಂತ ಅಲ್ಲ, ಅಲ್ವಾ ಮೇಡಂ,” ಎಂದಳು.

ಇದಕ್ಕಿಂತ ಚೆನ್ನಾಗಿ ನನಗೂ ಹೇಳಲು ಬರುತ್ತಿರಲಿಲ್ಲ. ಗೋಡೆಗೆ ಒಂದೇ ಸಾಲು ಸಾಕೆಂದರೆ ಇದನ್ನು ಅಂಟಿಸಿಕೊಳ್ಳಿ.

ಈಗ ನಾಚಿಕೆ ಬಿಟ್ಟು ಉಳಿದದ್ದನ್ನೂ ಹೇಳಿಬಿಡುತ್ತೇನೆ. ಕೇಬಲ್ಲಿಗೆ ನೀರು ಹೊಕ್ಕಿದ್ದು ಹೇಗೆ? ಕಂಬ ಎದ್ದ ಮೇಲೆ ಕೇಬಲ್ಲಿನ ಮೇಲ್ತುದಿ ಎರಡು ದಿನ ಬಾಯಿ ತೆರೆದುಕೊಂಡು ಆಂಟೆನಾಗೆ ಕಾಯುತ್ತಿತ್ತು. ಆ ಎರಡು ದಿನವೂ ಮಳೆ ಬಂತು. ಆಂಟೆನಾ ಎಲ್ಲಿತ್ತು? ನನ್ನ ಮೇಜಿನ ಮೇಲೆ, ಇನ್ನೊಮ್ಮೆ ನೋಡೋಣ ಎಂಬ ನನ್ನ ಚಿಂತೆಯ ಕೆಳಗೆ. ತಪ್ಪು ಮಾಡಿದ್ದು ನನ್ನ ಚಿಂತೆ, ಹಿಡಿದದ್ದೂ ನನ್ನ ಚಿಂತೆಯೇ. ಇದನ್ನು ಗೌಡರಿಗೆ ಅಲ್ಲೇ ಹೇಳಿದೆ. ಅವರು, ಹಾಗಾದರೆ ಶಾಲು ಅರ್ಧ ಹೊದಿಸುತ್ತೇನೆ ಎಂದರು.

ಪೂರ್ತಿ ಹೊದಿಸಿದ್ದು ಮರುದಿನ, ಶೆಡ್ಡಿನಲ್ಲೇ. ಹೊಸ ಕೇಬಲ್ಲನ್ನು ಕಂಬದೊಳಗೆ ಎಳೆದು, ನೀರು ಇಳಿಯದಂತೆ ತುದಿಗೆ ಮೇಣದ ಪಟ್ಟಿ ಸುತ್ತಿ, ಮೀಟರು ನೋಡಿ, ದೀಪ ನೋಡಿ, ಇಬ್ಬರೂ ಸಹಿ ಹಾಕಿ ಬಂದ ಮೇಲೆ. ನನ್ನ ಸಹಿಯ ಕೆಳಗೆ ಚೈತ್ರಾ ಸಹಿ ಹಾಕಿದ ಆ ಚೀಟಿ ಈಗಲೂ ಕಂಬದ ಪೆಟ್ಟಿಗೆಯೊಳಗಿದೆ. ಬಡ್ತಿಯ ಕಾಗದಗಳು ಎಲ್ಲಿವೆಯೋ ನನಗೆ ಗೊತ್ತಿಲ್ಲ. ಆ ಚೀಟಿ ಎಲ್ಲಿದೆ ಎಂದು ಗೊತ್ತು.

ಮನೆಯಲ್ಲಿ ಕೂತ ಮೇಲೆ ನಿಶ್ಚಿಂತೆಯಾಗಿದ್ದೆ ಎಂದರೆ ನೀವು ನಂಬುವುದಿಲ್ಲ. ಮೋಡ ಕಂಡರೆ ಕೆಂಗೇರಿ ಉಪನಗರದ ನಮ್ಮ ಬಾಲ್ಕನಿಯಿಂದ ಉತ್ತರ ದಿಕ್ಕಿಗೇ ನೋಡುತ್ತಿದ್ದೆ. ಒಂದೂವರೆ ತಿಂಗಳಾದ ಮೇಲೆ ಒಂದು ಮಧ್ಯಾಹ್ನ ವಿಜಯನಗರದ ಕಡೆ ಆಕಾಶ ಕಾವಲಿಯ ತಳದ ಹಾಗೆ ಕಪ್ಪಾಯಿತು. ತರಕಾರಿ ತರುತ್ತೇನೆ ಎಂದು ಚೀಲ ಹಿಡಿದು ಹೊರಟೆ. ತರಕಾರಿಗೆ ಮೆಟ್ರೋ ಹತ್ತಬೇಕಾ ಎಂದು ನಮ್ಮ ಯಜಮಾನರು ಕೇಳಿದರು, ಉತ್ತರಕ್ಕೆ ಕಾಯಲಿಲ್ಲ.

ನಾಯಂಡಹಳ್ಳಿಯಲ್ಲಿ ಇಳಿದರೆ ಒಳ್ಳೆಯ ಬಿಸಿಲು. ಓಣಿಯಲ್ಲಿ ಬಟ್ಟೆ ಒಣಗುತ್ತಿತ್ತು. ಕಾಲುವೆಯಲ್ಲಿ ಪಾದ ನೆನೆಯುವಷ್ಟು ನೀರು. ಒಂದು ಮನೆಯ ಗೋಡೆಯ ನೆರಳಲ್ಲಿ ನಿಂತುಕೊಂಡೆ. ಹತ್ತು ನಿಮಿಷ. ಹದಿನೈದು. ಮೇಲೆ ಸುರಿಯುತ್ತಿದೆ, ಇದು ಇನ್ನೂ ಊದಿಲ್ಲ, ಮೇಣದ ಪಟ್ಟಿ ಬಿಟ್ಟುಕೊಂಡಿರಬೇಕು, ನಾನು ಇನ್ನೊಂದು ಸುತ್ತು ಸುತ್ತಬೇಕಿತ್ತು. ಚೈತ್ರಾಗೆ ಫೋನು ಮಾಡಲು ಚೀಲದಲ್ಲಿ ಕೈ ಹಾಕಿದ್ದೆ, ಆಗ ತಲೆಯ ಮೇಲೆ ಸೈರನ್ ಕೂಗಿತು.

ಜನ ಹೊರಗೆ ಬಂದು ಆಕಾಶ ನೋಡಿದರು. ಬಿಸಿಲಲ್ಲಿ ಏನಿದು, ಕೆಟ್ಟಿರಬೇಕು ಎಂದ ಒಬ್ಬ. ಇನ್ನೊಬ್ಬ ನಕ್ಕ. ಕೆಟ್ಟಿಲ್ಲ ಎಂದು ಹೇಳಬೇಕು, ಹೇಳಲು ನಾನು ಯಾರು? ಅಷ್ಟರಲ್ಲಿ ಎದುರು ಮನೆಯಿಂದ ಆವತ್ತು ಪಾತ್ರೆ ತೊಳೆಯುತ್ತಿದ್ದ ಹೆಂಗಸು ಮತ್ತು ಅವಳ ಗಂಡ ಪ್ಲಾಸ್ಟಿಕ್ ಕುರ್ಚಿಯೊಂದನ್ನು ಎರಡೂ ಕಡೆ ಹಿಡಿದು ಹೊರಗೆ ಬಂದರು. ಕುರ್ಚಿಯಲ್ಲಿ ಅತ್ತೆ. ಯಾರನ್ನೂ ನೋಡದೆ, ಯಾರನ್ನೂ ಕೇಳದೆ, ಒಂದೊಂದೇ ಮೆಟ್ಟಿಲು ಎಣಿಸಿಕೊಂಡು ಮಹಡಿಗೆ ಹತ್ತಿದರು. ಅದನ್ನು ನೋಡಿದ ಮೇಲೆ ಓಣಿಯಲ್ಲಿ ಯಾರೂ ನಗಲಿಲ್ಲ. ಗಾಡಿಗಳು ರಸ್ತೆಗೆ ಹೋದವು, ಫ್ರಿಜ್ಜು ಮಹಡಿಗೆ ಹೋಯಿತು, ಒಣಗುವ ಬಟ್ಟೆ ಹಗ್ಗದ ಸಮೇತ ಹೋಯಿತು.

ನಾನು ದಾರಿಯ ಮಧ್ಯೆ ನಿಂತು ನೋಡುತ್ತಿದ್ದೆ. ಇನ್ನೊಂದು ಮನೆಯ ಹೆಂಗಸು ಬಂದವಳೇ ನನ್ನ ತರಕಾರಿ ಚೀಲದ ಮೇಲೆ ಒಂದು ಮಿಕ್ಸಿ ಇಟ್ಟಳು.

“ನೋಡ್ತಾ ನಿಂತ್ಕೋಬೇಡಿ ಆಂಟಿ, ಇದನ್ನ ಹಿಡ್ಕೊಂಡು ಮೇಲೆ ನಡೀರಿ. ಯಾರ ಮನೆಗೆ ಬಂದಿದ್ರಿ?”

“ಯಾರ ಮನೆಗೂ ಇಲ್ಲಮ್ಮ. ಸುಮ್ನೆ ಬಂದಿದ್ದೆ.”

“ಸುಮ್ನೆ ಬಂದಿದ್ರೆ ಇದನ್ನೂ ಹಿಡ್ಕೊಳ್ಳಿ,” ಎಂದು ಜಾರುಗಳನ್ನೂ ಕೊಟ್ಟಳು.

ಹಿಡಿದುಕೊಂಡು ಹತ್ತಿದೆ. ಮಹಡಿಯ ಮೇಲಿನಿಂದ ನೋಡುವಾಗ ಕಾಲುವೆ ಕಪ್ಪಾಗಿ, ನೊರೆ ಹೊತ್ತುಕೊಂಡು, ಗೋಡೌನಿನ ಮೂಲೆಯಲ್ಲಿ ತಿರುಗಿ ಬರುತ್ತಿತ್ತು. ಕೆಳಗೆ ಓಣಿಯಲ್ಲಿ ಒಬ್ಬರೂ ಇರಲಿಲ್ಲ.